ಪ್ರೆಸ್ಸಲ್ಲಿ ಬೆಳೆದ ಹುಲ್ಲು

ನಮಸ್ಕಾರ ಕೇಳುಗರೇ. ಮೊಟ್ಟೆ ತಗೊಳ್ಳೋಕೆ ಹೋದ್ರೆ ಪ್ಯಾಕ್ ಮೇಲೆ ಹಸಿರು ಹುಲ್ಲು, ಹಿಂದೆ ಸೂರ್ಯ, ಮುಂದೆ ಒಂದು ಕೋಳಿ ನಗ್ತಾ ನಿಂತಿರುತ್ತೆ, ಕೋಳಿ ಹೇಗೆ ನಗುತ್ತೆ ಅಂತ ಮಾತ್ರ ನನ್ನ ಕೇಳ್ಬೇಡಿ. ಪ್ರಾಣಿನ ಹಿಂಸೆ ಮಾಡದೆ ಸಾಕಿರೋದನ್ನೇ ತಗೋಬೇಕು ಅನ್ನೋ ನಮ್ಮಂಥೋರು ಆ ಚಿತ್ರ ನೋಡಿ ಎತ್ಕೊಂಡು ಬಂದ್ಬಿಡ್ತೀವಿ, ನಾನೂ ಎಷ್ಟೋ ಸಲ ತಂದಿದೀನಿ. ಆ ಹುಲ್ಲು ಬೆಳೆದಿದ್ದು ಪ್ರಿಂಟಿಂಗ್ ಪ್ರೆಸ್ಸಲ್ಲಿ ಅಷ್ಟೇ.

ಒಂದು ಎ4 ಹಾಳೆ ಕೈಗೆ ತಗೊಳ್ಳಿ. ಸುಮಾರು 620 ಚದರ ಸೆಂಟಿಮೀಟರ್ ಇರುತ್ತೆ. ಯುರೋಪಿಯನ್ ಯೂನಿಯನ್‌ನಲ್ಲಿ ಹಳೇ ಪಂಜರಗಳಲ್ಲಿ ಒಂದು ಕೋಳಿಗೆ ಕೊಡಬೇಕಿದ್ದ ಕನಿಷ್ಠ ಜಾಗ 550, ಅಂದ್ರೆ ಹಾಳೆಗಿಂತ ಕಮ್ಮಿ. ಅಷ್ಟರಲ್ಲಿ ರೆಕ್ಕೆ ಬಿಚ್ಚೋದಾ, ನೆಲ ಕೆದಕೋದಾ? 2012ರಲ್ಲಿ ಅಲ್ಲಿ ಆ ಪಂಜರ ಬ್ಯಾನ್ ಆಯ್ತು, ಆದ್ರೆ 750 ಚದರ ಸೆಂಟಿಮೀಟರ್‌ನ ಇನ್ನೊಂದು ಥರದ ಪಂಜರ ಉಳೀತು. ಅಲ್ಲಿ ಮೊಟ್ಟೆ ಚಿಪ್ಪಿನ ಮೇಲೇ ಒಂದು ಕೋಡ್ ಇರುತ್ತೆ, ಅದರ ಮೊದಲ ಅಂಕಿ ನೋಡಿದ್ರೆ ಸಾಕು: 0 ಅಂದ್ರೆ ಸಾವಯವ, 1 ಹೊರಗೆ ಓಡಾಡಿದ ಕೋಳಿ, 2 ಶೆಡ್ ಒಳಗೇ ಇರೋದು, 3 ಪಂಜರ. ಚಿತ್ರನೂ ಬೇಡ, ಕವಿತೆನೂ ಬೇಡ, ಒಂದೇ ಅಂಕಿ. ನಂಗೆ ತುಂಬಾ ಹಿಡಿಸಿದ್ದು ಇದು.

ಕೇಜ್ ಫ್ರೀ ಅಂದ ತಕ್ಷಣ ಬಯಲು ಅನ್ಕೋಬೇಡಿ, ಪಂಜರ ಇಲ್ಲ ಅಷ್ಟೇ, ಇಡೀ ಜೀವನ ಶೆಡ್ಡಲ್ಲೇ ಕಳೀಬಹುದು. ಫ್ರೀ ರೇಂಜ್ ಅಂದ್ರೆ ಯುರೋಪಿನ ರೂಲ್ ಪ್ರಕಾರ ಹೊರಗೆ ಕೋಳಿಗೆ 4 ಚದರ ಮೀಟರ್ ಜಾಗ ಬೇಕು, ಆದ್ರೆ ಎಲ್ಲಾ ಕಡೆ ಹೀಗೆ ಅಳತೆ ಇಟ್ಟಿಲ್ಲ. ಇನ್ನು ಕಂದು ಚಿಪ್ಪು ಬರೋದು ತಳಿಯಿಂದ, ಕೇಸರಿ ಬಣ್ಣದ ಹಳದಿ ಭಾಗ ಮೇವಿನಿಂದ, ಮೇವಿಗೆ ಚೆಂಡು ಹೂವಿನ ಪುಡಿ ಬೆರೆಸಿದ್ರೂ ಬರುತ್ತೆ, ಕೋಳಿ ಸುಖವಾಗಿತ್ತಾ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮಾಂಸದ ವಿಷಯದಲ್ಲಿ ತಮಾಷೆ ನೋಡಿ. ಮಾಂಸದ ಕೋಳಿನ ಸಾಮಾನ್ಯವಾಗಿ ಶೆಡ್ ನೆಲದ ಮೇಲೇ ಸಾಕ್ತಾರೆ, ಹಾಗಿರುವಾಗ ಅದರ ಪ್ಯಾಕ್ ಮೇಲೆ ಕೇಜ್ ಫ್ರೀ ಅಂತ ದೊಡ್ಡದಾಗಿ ಹಾಕಿದ್ರೆ ಏನು ಬಂತು? ಅಮೆರಿಕಾದಲ್ಲಿ ಕೋಳಿಗೂ ಹಂದಿಗೂ ಹಾರ್ಮೋನ್ ಕೊಡೋಕೆ ಕಾನೂನೇ ಬಿಡಲ್ಲ, ಆದ್ರೂ ಹಾರ್ಮೋನ್ ಇಲ್ಲ ಅಂತ ಬರೆದು ಮಾರ್ತಾರೆ. ಅಲ್ಲಿ ನ್ಯಾಚುರಲ್ ಅನ್ನೋ ಪದಾನೂ ಮಾಂಸನ ಹೇಗೆ ಸಂಸ್ಕರಿಸಿದ್ರು ಅಂತ ಹೇಳುತ್ತೆ, ಪ್ರಾಣಿನ ಹೇಗೆ ಸಾಕಿದ್ರು ಅಂತ ಅಲ್ಲ. ಕೇಳಬೇಕಾಗಿರೋದು ತಳಿ ಯಾವುದು ಅಂತ, ಯಾಕಂದ್ರೆ ಆರೇಳು ವಾರಕ್ಕೆ ಕಟಾವಿಗೆ ಬರೋ ಹಾಗೆ ಬೆಳೆಸಿರೋ ತಳಿಗಳಲ್ಲಿ ಎಷ್ಟೋ ಕೋಳಿಗೆ ತನ್ನ ತೂಕ ಹೊತ್ತು ನಡೆಯೋಕೇ ಕಷ್ಟ, ಅದನ್ನ ಬಯಲಿಗೆ ಬಿಟ್ರೂ ಎಲ್ಲಿಗೆ ಹೋಗುತ್ತೆ ಪಾಪ. ಸರ್ಟಿಫಿಕೇಟ್ ಗುರುತು ಇದ್ರೆ ಅದರ ನಿಯಮ ಒಂದ್ಸಲ ಓದಿ, ಎಷ್ಟು ಜಾಗ ಅಂತ ಅಂಕಿ ಇದೆಯಾ, ಕೊಕ್ಕು ಕತ್ತರಿಸಬಹುದಾ, ಹೊರಗಿನೋರು ಬಂದು ಚೆಕ್ ಮಾಡ್ತಾರಾ ಅಂತ.

ಹಾಲಿಂದು ಇನ್ನೂ ಸೂಕ್ಷ್ಮ. ಹುಲ್ಲು ತಿಂದ ಹಸು ಅಂದ್ರೆ ಮೇವಿನ ಮಾತಾಯ್ತು, ಅದನ್ನ ಬಿಟ್ಟು ಮೇಯಿಸಿದ್ರಾ ಕಟ್ಟೇ ಹಾಕಿದ್ರಾ ಗೊತ್ತಾಗಲ್ಲ. ಕರು ಹಾಕದೆ ಹಾಲಂತೂ ಇಲ್ಲ, ದೊಡ್ಡ ಡೇರಿ ಫಾರಂಗಳಲ್ಲಿ ಹುಟ್ಟಿದ ಒಂದೆರಡು ದಿನದಲ್ಲೇ ಕರುನ ತಾಯಿಯಿಂದ ಬೇರೆ ಮಾಡೋದು ಮಾಮೂಲು, ಕೆಲವು ಕಡೆ ಮಾತ್ರ ಜೊತೆಗೇ ಬಿಡ್ತಾರೆ. ಹಾಗಾಗಿ ಹಾಲು ಮಾರೋರು ಎದುರಿಗೆ ಸಿಕ್ಕಾಗ ನಾನು ಗಂಡು ಕರು ಏನ್ಮಾಡ್ತೀರಿ ಅಂತ ಕೇಳ್ತೀನಿ. ಕೆಲವರು ತಕ್ಷಣ ಹೇಳ್ತಾರೆ, ಕೆಲವರು ಹಾಲಿನ ರುಚಿ ಬಗ್ಗೆ ಮಾತಾಡೋಕೆ ಶುರು ಮಾಡ್ತಾರೆ.