ಬೈಗುಳದ ತೂಕ

ಕೇಳುಗರಿಗೆ ನಮಸ್ಕಾರ.

ಜಪಾನಿನ ಒಸಾಕಾದಲ್ಲಿ ನಾನು ಕೆಲವು ಕಾಲ ದೊಡ್ಡವರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಒಂದು ದಿನ ಅರವತ್ತು ದಾಟಿದ ಹೆಂಗಸೊಬ್ಬರು ಹೊಸ ಟೀ ಶರ್ಟ್ ಹಾಕಿಕೊಂಡು ಬಂದರು. ತಿಳಿ ಗುಲಾಬಿ ಬಣ್ಣ. ಎದೆಯ ಮೇಲೆ ಬೆಳ್ಳಿ ಬಣ್ಣದಲ್ಲಿ ಇಂಗ್ಲಿಷಿನ ಒಂದು ಪದ. ಯಾವ ಪದ ಅಂತ ಬಾನುಲಿಯಲ್ಲಿ ಹೇಳುವ ಹಾಗಿಲ್ಲ. ಅವರ ಕಣ್ಣಿಗೆ ಅದು ಚೆಂದದ ಅಕ್ಷರ, ಅಷ್ಟೇ. ಹೇಳಲೋ ಬೇಡವೋ ಅಂತ ಪಾಠ ಮುಗಿಯುವವರೆಗೂ ಒದ್ದಾಡಿದೆ. ಕೊನೆಗೆ ಹೇಳದೆ ಕಳಿಸಿಬಿಟ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ಅದೇ ಅಂಗಿಯಲ್ಲಿ ರೈಲು ಹತ್ತಿ ಮನೆಗೆ ಹೋಗಿದ್ದರು. 'ಸೆನ್ಸೇ', ಅಂದರೆ ಮೇಷ್ಟ್ರು, ಅನ್ನಿಸಿಕೊಂಡವಳು ಸುಮ್ನೆ ನೋಡಿದ್ದೆ.

ಇಂಗ್ಲಿಷ್ ಕಲಿಯುವ ಜಪಾನಿಯರಿಗೆ ಬೈಗುಳ ಹೇಳಿಕೊಡಬೇಕೇ? ಬೇಕು ಅನ್ನುತ್ತೇನೆ. ಬೈಯಲಿಕ್ಕಲ್ಲ, ಗುರುತು ಹಿಡಿಯಲಿಕ್ಕೆ.

ಜಪಾನಿಯಲ್ಲಿ ಬೈಗುಳವೇ ಇಲ್ಲ ಅನ್ನುವವರಿದ್ದಾರೆ. ಅದು ನಿಜವಲ್ಲ. ಅಲ್ಲಿ ಅವಮಾನ ಮಾಡಲು ಕೊಳಕು ಪದವೇ ಬೇಕಿಲ್ಲ. ಸಲುಗೆ ಇಲ್ಲದವರನ್ನು 'ಒಮಾಎ' ಅಂದರೆ ಸಾಕು, ಅದು ನಮ್ಮ 'ನೀನು' ಇದ್ದ ಹಾಗೆ. 'ಏಕವಚನದಲ್ಲಿ ಮಾತಾಡಿದ' ಅಂತ ನಮ್ಮಲ್ಲೂ ಜಗಳ ಆಗುತ್ತದೆ, ಅಲ್ವಾ? 'ಕಿಸಾಮ' ಅಂದರೂ 'ನೀನು' ಅಂತಲೇ, ಆದರೆ ಹಿಂದೆ ಅದು ಗೌರವದ ಪದವಾಗಿತ್ತು. ಈಗ ಅದನ್ನು ಅಂದರೆ ಹೊಡೆದಾಟಕ್ಕೆ ಕರೆದ ಹಾಗೆ.

ಇನ್ನು 'ಕುಸೊ'. ಅರ್ಥ ಮಲ. ಆದರೂ ಮಕ್ಕಳು ನೋಡುವ ಕಾರ್ಟೂನ್‌ಗಳಲ್ಲೂ ಬರುತ್ತದೆ. ಇಂಗ್ಲಿಷ್ ಸಿನಿಮಾದ ಅತಿ ಒರಟು ಬೈಗುಳಕ್ಕೆ ಅಡಿಬರಹದಲ್ಲಿ ಇಂಥ ಹಗುರ ಪದ ಹಾಕಿದರೆ ನೋಡುವವರು ಏನು ತಿಳಿಯಬೇಕು? ಎರಡರ ತೂಕವೂ ಒಂದೇ ಅಂದುಕೊಳ್ಳುತ್ತಾರೆ. ಆಮೇಲೆ ಕಚೇರಿಯಲ್ಲಿ ಪೆನ್ನು ಕೈಜಾರಿದಾಗ ಆ ಇಂಗ್ಲಿಷ್ ಪದ ಬಾಯಿಗೆ ಬರುತ್ತದೆ.

ಬೈಗುಳದ ತೂಕ ಊರಿಂದ ಊರಿಗೂ ಬೇರೆ. ಅದು ಜಪಾನಿಯರಿಗೆ ಚೆನ್ನಾಗಿ ಗೊತ್ತು. 'ಅಹೊ', 'ಬಕ' ಎರಡಕ್ಕೂ ಅರ್ಥ ಪೆದ್ದ. ಒಸಾಕಾದಲ್ಲಿ 'ಅಹೊ' ಅಂದರೆ 'ಹೋಗೋ ಪೆದ್ದ' ಅನ್ನುವಷ್ಟು ಪ್ರೀತಿ, 'ಬಕ' ಅಂದರೆ ಚುಚ್ಚುತ್ತದೆ. ಟೋಕಿಯೋದಲ್ಲಿ ಇದು ತಿರುಗುಮುರುಗು. ಪಾಠವನ್ನು ಅಲ್ಲಿಂದಲೇ ಶುರುಮಾಡಬಹುದು.

ಉಚ್ಚಾರದ ತೊಡಕೂ ಇದೆ. ಜಪಾನಿಯ ಕಾಗುಣಿತ ಸ, ಶಿ, ಸು, ಸೆ, ಸೊ ಅಂತ ಹೋಗುತ್ತದೆ. 'ಸಿ' ಇಲ್ಲ. ಹಾಗಾಗಿ ತಲೆಬಾಗಿ, ಅಷ್ಟು ವಿನಯದಿಂದ, 'ಸಿಟ್ ಡೌನ್' ಎನ್ನಲು ಹೋದರೆ ಮೊದಲ ಪದ ಹೊಲಸಾಗಿ ಕೇಳುತ್ತದೆ. ಎದುರಿನವರು ನಗು ತಡೆದುಕೊಳ್ಳುತ್ತಾರೆ. ಯಾಕೆ ನಗು ಬಂತು ಅಂತ ಇವರಿಗೆ ಗೊತ್ತೇ ಆಗುವುದಿಲ್ಲ. ಇದನ್ನು ಹೇಳದೆ ಬಿಡುವುದು ಮರ್ಯಾದೆಯಲ್ಲ.

ಲಂಡನ್ನಿನ ಭಾಷಾ ವಿದ್ವಾಂಸ ಝಾನ್-ಮಾರ್ಕ್ ಡೆವಾಲೆ ಹಲವು ಭಾಷೆ ಬಲ್ಲವರನ್ನು ವಿಚಾರಿಸಿ 2004ರಲ್ಲಿ ಬರೆದರು: ಬೈಗುಳ ಜಾಸ್ತಿ ತಾಗುವುದು ತಾಯ್ನುಡಿಯಲ್ಲಿ. ಕಲಿತ ಭಾಷೆಯ ಬೈಗುಳ ಹೇಳುವವರ ನಾಲಿಗೆಗೆ ಹಗುರ. ಕೇಳುವವರ ಕಿವಿಗೆ ಹಾಗಲ್ಲ.

ಚಿಕ್ಕ ಮಕ್ಕಳಿಗೆ ಇದು ಬೇಡ. 2020ರಿಂದ ಅಲ್ಲಿ ಐದನೇ ತರಗತಿಗೇ ಇಂಗ್ಲಿಷ್ ಪೂರ್ಣ ವಿಷಯವಾಗಿದೆ. ಆ ವಯಸ್ಸಿಗೆ ಆಟ, ಹಾಡು ಇರಲಿ. ಆದರೆ ಹೊರದೇಶಕ್ಕೆ ಹೊರಟವರಿಗೆ, ದುಡಿಯುವವರಿಗೆ ಹೇಳಲೇಬೇಕು. ಯಾರು ಯಾರಿಗೆ ಅನ್ನುತ್ತಾರೆ, ಯಾವುದನ್ನು ಕೇಳಿದರೆ ಅಲ್ಲಿಂದ ಎದ್ದು ಬರಬೇಕು, ಇದೆಲ್ಲ ಗೊತ್ತಿರಬೇಕು.

ಮುಂದಿನ ವಾರ ಪಾಠ ಮುಗಿದ ಮೇಲೆ ಆ ಹಿರಿಯರನ್ನು ಪಕ್ಕಕ್ಕೆ ಕರೆದು ಅರ್ಥ ಹೇಳಿದೆ. ಮುಖ ಕೆಂಪಾಯಿತು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೈಚೀಲದಲ್ಲಿ ಗಡಿಬಿಡಿಯಿಂದ ಫೋನ್ ಹುಡುಕತೊಡಗಿದರು.

"ಮೊಮ್ಮಗಳಿಗೂ ಅಂಥದ್ದೇ ಒಂದು ಕೊಡಿಸಿದ್ದೇನೆ, ಸೆನ್ಸೇ. ನಾಳೆ ಅವಳು ಆಸ್ಟ್ರೇಲಿಯಾಗೆ ಹೊರಡುತ್ತಾಳೆ."