ಗಾಳಿಗೆ ಬಾಡಿಗೆ ಕಟ್ಟದ ಕುರ್ಚಿ

ಎಲ್ಲರಿಗೂ ನಮಸ್ಕಾರ. ಈ ಕಾರ್ಯಕ್ರಮ ಮುಗಿದ ಮೇಲೆ ಎರಡು ನಿಮಿಷ ಇಲ್ಲೇ ನಿಂತು ನೋಡಿ. ಶಾಮಿಯಾನದ ಹುಡುಗರು ಬರುತ್ತಾರೆ. ನೀವು ಕೂತಿದ್ದ ಕುರ್ಚಿಗಳನ್ನು ಒಂದರೊಳಗೊಂದು ಇಳಿಸುತ್ತಾರೆ. ಹತ್ತು ಹನ್ನೆರಡು ಆದಮೇಲೆ ಆ ಕಂಬವನ್ನು ವಾಲಿಸಿ, ದರದರ ಎಳೆದುಕೊಂಡು ಹೋಗುತ್ತಾರೆ. ಕುರ್ಚಿಯ ಸಗಟು ವ್ಯಾಪಾರ ನಿಂತಿರುವುದೇ ಆ ಕಂಬದ ಮೇಲೆ.

ಯಾಕೆ ಅಂತೀರಾ? ಕುರ್ಚಿಯಲ್ಲಿ ಮರಕ್ಕಿಂತ ಗಾಳಿಯೇ ಜಾಸ್ತಿ. ಅಕ್ಕಿ ಮೂಟೆ ತುಂಬಿದ ಹಾಗೆ ತುಂಬೋಕೆ ಆಗಲ್ಲ. ಹಾಗ್ಹಾಗೇ ಲಾರಿಗೆ ಏರಿಸಿದರೆ ಗಾಳಿಗೆ ಬಾಡಿಗೆ ಕಟ್ಟಿದ ಹಾಗೆ, ಅಲ್ವಾ?

ಈ ಗಂಟನ್ನು ಚೆನ್ನಾಗಿ ಬಿಡಿಸಿದವನು ಮಿಖಾಯೆಲ್ ಟೋನೆಟ್. ರೈನ್ ನದಿ ದಂಡೆಯ ಬೊಪ್ಪಾರ್ಡ್ ಊರಿನ ಬಡಗಿ. 1842ರಲ್ಲಿ ವಿಯೆನ್ನಾಗೆ ಹೋದ. ಮರವನ್ನು ಕೆತ್ತುವ ಬದಲು ಹಬೆಯಲ್ಲಿ ಬೇಯಿಸಿ ಬಗ್ಗಿಸುವುದು ಅವನ ದಾರಿ. ಸುಮ್ನೆ ಬಗ್ಗಿಸಿದರೆ ಹೊರಮೈ ಸೀಳುತ್ತದೆ. ಅದಕ್ಕೆ ಹೊರಮೈಗೆ ಒಂದು ಲೋಹದ ಪಟ್ಟಿ ಬಿಗಿದ. ಪಟ್ಟಿ ಹಿಗ್ಗುವುದಿಲ್ಲ, ಹಾಗಾಗಿ ಮರವೂ ಹಿಗ್ಗುವಂತಿಲ್ಲ; ಒಳಮೈ ಮಾತ್ರ ಕುಗ್ಗುತ್ತದೆ. ಇಷ್ಟೇ ಉಪಾಯ. ಬೀಚ್ ಮರದ ಕಾಡು ಇದ್ದ, ಈಗಿನ ಚೆಕ್ ದೇಶಕ್ಕೆ ಸೇರಿದ ಮೊರಾವಿಯಾದ ಕೊರಿಚನಿಯಲ್ಲಿ ಕಾರ್ಖಾನೆ ಹಾಕಿದ. ಒಬ್ಬೊಬ್ಬ ಆಳಿಗೆ ಒಂದೊಂದೇ ಕೆಲಸ, ಪಳಗಿದ ಬಡಗಿಯೇ ಬೇಕಿಲ್ಲ.

1859ರಲ್ಲಿ ಬಂದದ್ದು 14ನೇ ನಂಬರ್ ಕುರ್ಚಿ. 6 ಮರದ ತುಂಡು, 10 ಸ್ಕ್ರೂ, 2 ನಟ್ಟು. ಕೂರುವ ಜಾಗಕ್ಕೆ ನಮ್ಮಜ್ಜನ ಆರಾಮ ಕುರ್ಚಿಯ ಹಾಗೇ ಬೆತ್ತದ ಹೆಣಿಗೆ. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ! ಹಡಗಿನಲ್ಲಿ ಹೋಗಿ, ಮುಟ್ಟಿದ ಊರಿನಲ್ಲೇ ಜೋಡಣೆ. ಮರ ಬಗ್ಗಿಸುವ ಈ ಉಪಾಯವನ್ನು ಬೇರೆಯವರು ಬಳಸದಂತೆ ತಡೆದಿದ್ದ ಪೇಟೆಂಟ್ 1869ರಲ್ಲಿ ಮುಗಿಯಿತು. ಕೋನ್ ಕಂಪನಿಯಂಥವರು ಅಂಥದ್ದೇ ಮಾಲು ತಂದು ಪೈಪೋಟಿಗೆ ಇಳಿದರು. ಆದರೂ 1930ರ ಹೊತ್ತಿಗೆ 14ನೇ ನಂಬರ್ ಸುಮಾರು 5 ಕೋಟಿ ಮಾರಾಟವಾಗಿತ್ತು. ಮುಂಬೈಯ ಹಳೇ ಇರಾನಿ ಹೋಟೆಲ್‌ಗೆ ಹೋದರೆ ಈ ಬಗ್ಗಿದ ಮರದ ವಂಶದವರೇ ಸಿಗುತ್ತಾರೆ.

ಟೋನೆಟ್ ಬಿಚ್ಚಿ ಕಳಿಸಿದ, ಪ್ಲಾಸ್ಟಿಕ್‌ನವರು ಪೇರಿಸಿ ಕಳಿಸಿದರು. 1972ರಲ್ಲಿ ಫ್ರಾನ್ಸಿನ ಆನ್ರಿ ಮಾಸೊನೆ ಇಡಿಯಾಗಿ ಒಂದೇ ಅಚ್ಚಿನಲ್ಲಿ ಎರಕವಾಗುವ ಪ್ಲಾಸ್ಟಿಕ್ ಕುರ್ಚಿ ತಂದ. ಎರಡು ನಿಮಿಷದೊಳಗೆ ಒಂದು ಕುರ್ಚಿ ರೆಡಿ. ಅಚ್ಚು ಮಾತ್ರ ಬಲು ದುಬಾರಿ. ಸಾವಿರಗಟ್ಟಲೆ ಹೊಡೆದರಷ್ಟೇ ಗಿಟ್ಟುತ್ತದೆ. ಹಾಗಾಗಿ ಅದು ಹುಟ್ಟುತ್ತಲೇ ಸಗಟು ಮಾಲು.

ಇಲ್ಲೇ ಮೋಸವೂ ಇರೋದು. ಪಾಲಿಪ್ರೊಪಿಲೀನ್, ಅಂದರೆ ಈ ಕುರ್ಚಿಯ ಪ್ಲಾಸ್ಟಿಕ್, ಉಳಿಸೋಕೆ ಮೈ ತೆಳ್ಳಗೆ ಮಾಡುತ್ತಾರೆ, ಸುಣ್ಣಕಲ್ಲಿನ ಪುಡಿಯನ್ನು ಅತಿಯಾಗಿ ಬೆರೆಸುತ್ತಾರೆ. ನಮ್ಮ ಮನೆ ಗೃಹಪ್ರವೇಶಕ್ಕೆ ಅಗ್ಗಕ್ಕೆ ಸಿಕ್ಕಿತೆಂದು 50 ಕುರ್ಚಿ ಕೊಂಡಿದ್ದೆ. ನುಣುಪು ಟೈಲ್ಸ್ ಮೇಲೆ ಹಿಂಗಾಲು ಅಗಲಕ್ಕೆ ಜಾರಿ, ಪಾಯಸದ ಲೋಟದ ಸಮೇತ ನಮ್ಮ ಸೋದರಮಾವ ನೆಲಕ್ಕೆ! ಆಮೇಲಿಂದ ನಾನು ಕೊಳ್ಳುವ ಮೊದಲು ತೂಗಿ ನೋಡುತ್ತೇನೆ. ಕೂತು ನೋಡುವುದು ಎರಡನೇದು.

ಬಿಸಿಲಲ್ಲಿ ಬಿಟ್ಟ ಕುರ್ಚಿ ಬಣ್ಣ ಮಾಸಿ, ಹಪ್ಪಳದ ಹಾಗೆ ಮುರಿಯುತ್ತದೆ. ಹಾಗೆ ಮುರಿದ ನನ್ನ 11 ಕುರ್ಚಿಗಳು ಹೋದ ತಿಂಗಳು ಗುಜರಿಗೆ ಹೋದವು. ಅಂಗಡಿಯವನು ಎಷ್ಟು ಕುರ್ಚಿ ಅಂತ ಕೇಳಲೇ ಇಲ್ಲ. ಸೀದಾ ತಕ್ಕಡಿಗೆ ಹಾಕಿದ.