ಮಧ್ಯಾಹ್ನ ಒಂದು ಗಂಟೆಯ ವೇದಿಕೆ

ಕೇಳುಗರೇ, ನಮಸ್ಕಾರ.

ಬೇಸಿಗೆಯ ಸಂಗೀತೋತ್ಸವ ಅಂದ ತಕ್ಷಣ ಎಲ್ಲರ ಕಣ್ಣಮುಂದೆ ಬರುವುದು ರಾತ್ರಿಯ ಚಿತ್ರ. ಎತ್ತರದ ವೇದಿಕೆ, ಬಣ್ಣಬಣ್ಣದ ಬೆಳಕು, ಕಣ್ಣು ಹಾಯಿಸಿದಷ್ಟು ದೂರಕ್ಕೂ ತಲೆಗಳು, ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಹೆಸರು ಹಾಕಿಸಿಕೊಂಡ ಬ್ಯಾಂಡು. ನಾನಿವತ್ತು ನಿಮ್ಮನ್ನು ಕರೆದುಕೊಂಡು ಹೋಗುವುದು ಅದೇ ಮೈದಾನಕ್ಕೆ, ಆದರೆ ಮಧ್ಯಾಹ್ನ ಒಂದು ಗಂಟೆಗೆ. ನೆತ್ತಿ ಸುಡುವ ಬಿಸಿಲು. ಮೂಲೆಯಲ್ಲೊಂದು ಡೇರೆ. ಒಳಗೆ ಇಪ್ಪತ್ತೋ ಮೂವತ್ತೋ ಜನ. ಅವರ ಮುಂದೆ ಒಂದು ಬ್ಯಾಂಡು ತನ್ನ ಪ್ರಾಣವನ್ನೆಲ್ಲ ಒತ್ತೆಯಿಟ್ಟು ನುಡಿಸುತ್ತಿದೆ. ಪೋಸ್ಟರಿನ ಕಟ್ಟಕಡೆಯ ಸಾಲಿನಲ್ಲಿ, ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದಷ್ಟು ಸಣ್ಣಗೆ ಅವರ ಹೆಸರಿದೆ.

ಅಂಥದೊಂದು ಡೇರೆಗೆ ನಾನು ಮೊದಲು ಹೊಕ್ಕಿದ್ದು ನೆರಳಿಗೆ ಅಂತ. ಒಳಗೆ ಮೂರೇ ಜನರ ತಂಡ. ಒಬ್ಬಳು ಗಿಟಾರು ಹಿಡಿದು ಹಾಡುತ್ತಿದ್ದಳು, ಇನ್ನೊಬ್ಬಳ ಕೈಯಲ್ಲಿ ತಗ್ಗು ಸ್ವರದ ಬೇಸ್ ಗಿಟಾರು, ಡ್ರಮ್ಮಿನ ಹಿಂದೆ ಒಬ್ಬ ಹುಡುಗ. ಡೇರೆಯ ಬಾಯಿಂದ ಬಿಸಿಲಿನ ಒಂದು ಪಟ್ಟಿ ಓರೆಯಾಗಿ ಬಂದು ನೇರ ಗಿಟಾರಿನ ಮೇಲೆಯೇ ಬೀಳುತ್ತಿತ್ತು. ಉಕ್ಕಿನ ತಂತಿ ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಬಿಗಿ ಸಡಿಲುತ್ತದೆ, ಶ್ರುತಿ ಇಳಿಯುತ್ತದೆ. ಎರಡನೆಯ ಹಾಡು ಮುಗಿಯುವ ಹೊತ್ತಿಗೆ ಅವಳ ಗಿಟಾರು ಕೈಕೊಟ್ಟಿತ್ತು. ಅವಳು ನಮಗೆ ಬೆನ್ನು ತಿರುಗಿಸಿ ಬಿರಡೆ ತಿರುವತೊಡಗಿದಳು. ಸುಮ್ಮನೆ ನಿಂತರೆ ಜನ ಎದ್ದು ಹೋಗುತ್ತಾರೆ. ಬೇಸ್ ನುಡಿಸುವವಳು ಏನು ಮಾಡಿದಳು ಗೊತ್ತೆ? ಒಂದೇ ಒಂದು ಸ್ವರವನ್ನು ಹಿಡಿದು, ತಂಬೂರಿಯ ಹಾಗೆ ಮೀಟುತ್ತಾ ಹೋದಳು. ಒಂದು, ಎರಡು, ಹತ್ತು ಸಲ. ಡ್ರಮ್ಮಿನ ಹುಡುಗ ಕೋಲು ಕೆಳಗಿಟ್ಟು ಬೆರಳ ತುದಿಯಿಂದ ತಟ್ಟಲು ಶುರು ಮಾಡಿದ. ಶ್ರುತಿ ಮಾಡಿಕೊಳ್ಳುತ್ತಿದ್ದವಳು ಆ ಸ್ವರಕ್ಕೆ ತನ್ನ ತಂತಿಗಳನ್ನು ಒಂದೊಂದಾಗಿ ಹೊಂದಿಸಿದಳು. ಕೊನೆಯ ತಂತಿ ಸೇರಿಕೊಂಡ ಗಳಿಗೆಯಲ್ಲಿ ಹಾಗೇ ಈ ಕಡೆ ತಿರುಗಿ ಹಾಡತೊಡಗಿದಳು. ಶ್ರುತಿ ಎಲ್ಲಿ ಮುಗಿಯಿತು, ಹಾಡು ಎಲ್ಲಿ ಮೊದಲಾಯಿತು ಅಂತ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಮೈ ಝುಂ ಅಂದಿತು. ನೆರಳಿಗೆ ಅಂತ ಬಂದವನು ಕಂಬ ಹಿಡಿದು ನಿಂತುಬಿಟ್ಟೆ.

ಅಂದಿನಿಂದ ಯಾವ ಉತ್ಸವಕ್ಕೆ ಹೋದರೂ ಬಾಗಿಲು ತೆರೆಯುವ ಹೊತ್ತಿಗೇ ಹೋಗುತ್ತೇನೆ.

ಈ ಉತ್ಸವಗಳ ಚರಿತ್ರೆಯನ್ನು ತೆಗೆದು ನೋಡಿದರೂ ಇಂಥ ಗಳಿಗೆಗಳೇ ಎದ್ದು ಕಾಣುತ್ತವೆ. 1959ರ ಜುಲೈ, ಅಮೆರಿಕದ ನ್ಯೂಪೋರ್ಟ್‌ನಲ್ಲಿ ಮೊದಲ ಜಾನಪದ ಸಂಗೀತೋತ್ಸವ. ಬಾಬ್ ಗಿಬ್ಸನ್ ಎಂಬ ಗಾಯಕ ತನ್ನ ಕಚೇರಿಯ ನಡುವೆ ಹದಿನೆಂಟು ವರ್ಷದ ಒಬ್ಬ ಹುಡುಗಿಯನ್ನು ವೇದಿಕೆಗೆ ಕರೆದ. ಕಾರ್ಯಕ್ರಮ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಅವಳೇ ಮುಂದೆ ಹೆಸರಾಂತ ಗಾಯಕಿಯಾದ ಜೋನ್ ಬಾಯೆಜ್. ಮುಂದಿನ ವರ್ಷ ಅವಳ ಮೊದಲ ಆಲ್ಬಂ ಬಂತು. ಹತ್ತು ವರ್ಷ ಕಳೆದು, 1969ರ ಆಗಸ್ಟ್‌ನಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರನ ಹೊಲದಲ್ಲಿ ವುಡ್‌ಸ್ಟಾಕ್ ಉತ್ಸವ ನಡೆಯಿತು. ಅಲ್ಲಿ ಶನಿವಾರ ಮಧ್ಯಾಹ್ನ ಸಾಂಟಾನಾ ತಂಡ ನುಡಿಸಿತು. ಅವರ ಮೊದಲ ಆಲ್ಬಂ ಆಗಿನ್ನೂ ಅಂಗಡಿಗೆ ಬಂದಿರಲಿಲ್ಲ. ಲಕ್ಷಗಟ್ಟಲೆ ಜನ ಕೂತಿದ್ದ ಆ ಇಳಿಜಾರಿನಲ್ಲಿ ಅವರ ಹಾಡು ಗೊತ್ತಿದ್ದವರು ಎಷ್ಟು ಜನ ಇದ್ದಾರು? ಗೊತ್ತಿಲ್ಲದವರೇ ಎದ್ದು ಕುಣಿದರು.

ಹೊಸತು ಅನ್ನುವುದು ವಯಸ್ಸಿನ ಮಾತಲ್ಲ, ಕೇಳುವ ಕಿವಿಯ ಮಾತು. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಪಾಪ್ ಉತ್ಸವದಲ್ಲಿ ಭಾನುವಾರ ಮಧ್ಯಾಹ್ನವನ್ನು ಪಂಡಿತ್ ರವಿಶಂಕರ್ ಒಬ್ಬರಿಗೇ ಬಿಟ್ಟುಕೊಟ್ಟಿದ್ದರು. ತಬಲಾದಲ್ಲಿ ಉಸ್ತಾದ್ ಅಲ್ಲಾರಖಾ. ಆ ಹೊತ್ತಿಗೆ ರವಿಶಂಕರ್ ಅವರಿಗೆ ನಲವತ್ತೇಳು ವರ್ಷ, ಲೋಕವನ್ನೆಲ್ಲ ಸುತ್ತಿ ಬಂದ ವಿದ್ವಾಂಸರು. ಆದರೆ ಎಲೆಕ್ಟ್ರಿಕ್ ಗಿಟಾರಿಗಾಗಿ ಬಂದಿದ್ದ ಅಲ್ಲಿನ ಎಷ್ಟೋ ಹುಡುಗರ ಕಿವಿಗೆ ಸಿತಾರು ಹೊಚ್ಚಹೊಸದು. ಗಂಟೆಗಟ್ಟಲೆ ಕೂತು ಕೇಳಿ, ಮುಗಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಈ ಮಾತನ್ನು ಬಾನುಲಿಯಲ್ಲಿ ಆಡುವಾಗ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಬಿಬಿಸಿ ರೇಡಿಯೊದ ಜಾನ್ ಪೀಲ್. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಯಾರೂ ಕೇಳರಿಯದ ತಂಡಗಳ ಹಾಡುಗಳನ್ನು ಹುಡುಕಿ ಹುಡುಕಿ ರಾತ್ರಿ ಹೊತ್ತು ಬಿತ್ತರಿಸುತ್ತಿದ್ದವರು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹೊಸ ಬ್ಯಾಂಡುಗಳಿಗೆಂದೇ ಒಂದು ಡೇರೆಯಿತ್ತು. ಅವರು ತೀರಿಕೊಂಡ ಮರುವರ್ಷ ಆ ಡೇರೆಗೆ ಅವರ ಹೆಸರಿಟ್ಟರು. ರೇಡಿಯೊದವನೊಬ್ಬನಿಗೆ ಇದಕ್ಕಿಂತ ದೊಡ್ಡ ಗೌರವ ನನಗಂತೂ ಗೊತ್ತಿಲ್ಲ. ಅಂದಹಾಗೆ, ಆ ಗ್ಲಾಸ್ಟನ್‌ಬರಿ ಶುರುವಾದದ್ದೂ ಹೈನುಗಾರನ ಹೊಲದಲ್ಲೇ. 1970ರ ಮೊದಲ ಉತ್ಸವಕ್ಕೆ ಬಂದವರಿಗೆಲ್ಲ ಮೈಕೆಲ್ ಈವಿಸ್ ತಮ್ಮ ಹಸುಗಳ ಹಾಲನ್ನು ಪುಕ್ಕಟೆ ಕೊಟ್ಟಿದ್ದರು.

ಈಗ ಸಣ್ಣ ವೇದಿಕೆಯ ಕಷ್ಟಸುಖ ಸ್ವಲ್ಪ ಹೇಳುತ್ತೇನೆ. ಅದು ಗೊತ್ತಿದ್ದರೆ ಕೇಳುವ ರುಚಿಯೇ ಬೇರೆ. ರಾತ್ರಿಯ ದೊಡ್ಡ ತಂಡಕ್ಕೆ ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ ಸಿಗುತ್ತದೆ. ಮಧ್ಯಾಹ್ನದವರಿಗೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಹಿಂದಿನವರು ಇಳಿದು ಇವರು ಹತ್ತುವುದಕ್ಕೆ ಕೆಲವೇ ನಿಮಿಷ. ಅಷ್ಟರಲ್ಲಿ ವಾದ್ಯಗಳನ್ನು ತಾವೇ ಹೊತ್ತು ತಂದು, ಕೇಬಲ್ ಚುಚ್ಚಿ, ಪ್ರತಿ ಮೈಕೂ ಕೆಲಸ ಮಾಡುತ್ತಿದೆಯೇ ಅಂತ ನೋಡಿಕೊಂಡರೆ ಮುಗಿಯಿತು. ಇಡೀ ಹಾಡು ನುಡಿಸಿ ಪರೀಕ್ಷಿಸುವ ಸೌಂಡ್ ಚೆಕ್ ಅವರ ಹಣೆಯಲ್ಲಿ ಬರೆದಿರುವುದಿಲ್ಲ. ಹಾಗಾಗಿ ಮೊದಲ ಹಾಡಿನುದ್ದಕ್ಕೂ, ಎಲ್ಲ ಮೈಕುಗಳ ಸದ್ದನ್ನು ಬೆರೆಸಿ ಹೊಂದಿಸುವ ಮಿಕ್ಸರಿನ ಮುಂದೆ ಕೂತವರು ದನಿ ಏರಿಸುತ್ತ, ಡ್ರಮ್ಮು ಇಳಿಸುತ್ತ ಹದ ಹುಡುಕುತ್ತಿರುತ್ತಾರೆ. ಅದನ್ನು ಕೇಳಿ ಚೆನ್ನಾಗಿಲ್ಲ ಅಂತ ಎದ್ದು ಹೋಗಬೇಡಿ, ದಯವಿಟ್ಟು. ಎರಡು ಹಾಡು ತಾಳಿ. ನಿಲ್ಲುವುದಾದರೆ ಆ ಮಿಕ್ಸರಿನ ಪಕ್ಕದಲ್ಲೋ ಹಿಂದೆಯೋ ನಿಲ್ಲಿ. ಧ್ವನಿಯ ಹದ ನೋಡುವವರು ತಮ್ಮ ಕಿವಿಗೆ ಒಪ್ಪುವಂತೆ ಹೊಂದಿಸುವುದು ಅಲ್ಲಿಂದಲೇ.

ಹೊರಡುವ ಮುಂಚೆ ಪಟ್ಟಿಯಲ್ಲಿರುವ ಎಲ್ಲರ ಹಾಡನ್ನೂ ಫೋನಿನಲ್ಲಿ ಕೇಳಿ, ಗುರುತು ಹಾಕಿಕೊಂಡು ಹೋಗುವವರಿದ್ದಾರೆ. ನನ್ನ ಮನಸ್ಸು ಅದಕ್ಕೆ ಒಪ್ಪುವುದಿಲ್ಲ. ಸ್ಟುಡಿಯೊದಲ್ಲಿ ತಿದ್ದಿ ತೀಡಿದ ಹಾಡು ಕಿವಿಯಲ್ಲಿ ಕೂತರೆ, ಎದುರಿಗೆ ನುಡಿಸುವವರನ್ನು ಅದರೊಂದಿಗೆ ತೂಗಿ ನೋಡುತ್ತಲೇ ಇರುತ್ತೇವೆ. ಖಾಲಿ ಕಿವಿಯಲ್ಲಿ ಹೋಗಿ. ಹೆಸರು ಇಷ್ಟವಾದರೆ ಹೆಸರಿಗಾಗಿ ಹೋಗಿ, ಡೇರೆ ದಾಟುವಾಗ ಕಾಲು ತಾನಾಗಿ ತಾಳ ಹಾಕಿದರೆ ಅದಕ್ಕಾಗಿ ಹೋಗಿ. ಭಾಷೆ ಬಾರದಿದ್ದರೂ ಹೋಗಿ. 1982ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಮತ್ತು ಗೆಳೆಯರು ಇಂಗ್ಲೆಂಡಿನಲ್ಲಿ ನಾನಾ ದೇಶಗಳ ಸಂಗೀತಕ್ಕೆಂದು ವೊಮ್ಯಾಡ್ ಉತ್ಸವ ಶುರು ಮಾಡಿದಾಗ ಆಫ್ರಿಕಾದ ಬುರುಂಡಿಯಿಂದ ಡೋಲು ಬಡಿಯುವವರನ್ನು ಕರೆಸಿದ್ದರು. ಡೋಲಿಗೆ ಯಾವ ನಿಘಂಟು ಬೇಕು!

ಒಂದು ಎಚ್ಚರಿಕೆ ಹೇಳಲೇಬೇಕು, ಅನುಭವಿಸಿ ಹೇಳುತ್ತಿದ್ದೇನೆ. ಒಮ್ಮೆ ದಿನವಿಡೀ ಸ್ಪೀಕರುಗಳ ಮುಂದೆಯೇ ನಿಂತು ಮನೆಗೆ ಬಂದ ಮೇಲೆ ಮೂರು ದಿನ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ನಿಲ್ಲಲಿಲ್ಲ. ಭಯವಾಯಿತು. ತಜ್ಞರ ಲೆಕ್ಕ ಹೀಗಿದೆ: 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು. ಅದರ ಮೇಲೆ ಪ್ರತಿ 3 ಡೆಸಿಬಲ್ಲಿಗೆ ಅವಧಿ ಅರ್ಧಕ್ಕರ್ಧ ಇಳಿಯುತ್ತದೆ. 100 ಡೆಸಿಬಲ್ ಮುಟ್ಟಿದರೆ ಉಳಿಯುವುದು ಬರೀ ಕಾಲು ಗಂಟೆ. ವೇದಿಕೆಯ ಹತ್ತಿರ ಅಷ್ಟು ಸದ್ದು ಅಪರೂಪವೇನಲ್ಲ. ಈಗ ನನ್ನ ಜೇಬಿನಲ್ಲಿ ಸಂಗೀತಗಾರರು ಬಳಸುವಂಥ ಇಯರ್‌ಪ್ಲಗ್ ಸದಾ ಇರುತ್ತದೆ. ಅದು ಹಾಡನ್ನು ಮುಚ್ಚುವುದಿಲ್ಲ, ಸದ್ದನ್ನಷ್ಟೇ ತಗ್ಗಿಸುತ್ತದೆ. ಮಕ್ಕಳನ್ನು ಕರೆದೊಯ್ದರೆ ಕಿವಿ ಪೂರ್ತಿ ಮುಚ್ಚುವ ದೊಡ್ಡ ಕಿವಿಗವಸು ಹಾಕಿಸಿ. ನೀರು, ಟೋಪಿ, ಸವೆದು ಕಾಲಿಗೆ ಒಗ್ಗಿದ ಚಪ್ಪಲಿ ಇವುಗಳ ಬಗ್ಗೆ ಬಿಸಿಲೇ ನಿಮಗೆ ನೆನಪಿಸುತ್ತದೆ.

ಮತ್ತೆ, ಸಂಜೆ. ಸಂಜೆಯ ಒಂದು ಸೋಜಿಗ ಹೇಳಿಬಿಡುತ್ತೇನೆ. ಬಿಸಿ ಗಾಳಿಯಲ್ಲಿ ಸದ್ದಿನ ಓಟ ಹೆಚ್ಚು. ಹಗಲಲ್ಲಿ ನೆಲದ ಹತ್ತಿರದ ಗಾಳಿ ಕಾದಿರುವುದರಿಂದ ಸದ್ದು ಮೇಲಕ್ಕೆ ಬಾಗಿ ದೂರದವರ ತಲೆಯ ಮೇಲೆ ಹಾದುಹೋಗುತ್ತದೆ. ಕತ್ತಲಾಗಿ ನೆಲ ತಣಿದ ಮೇಲೆ ಇದು ತಿರುವುಮುರುವಾಗುತ್ತದೆ, ಸದ್ದು ಕೆಳಕ್ಕೆ ಬಾಗುತ್ತದೆ. ಎಲ್ಲೋ ದೂರದ ವೇದಿಕೆಯ ಹಾಡು, ಹಗಲಲ್ಲಿ ಕೇಳದೇ ಇದ್ದದ್ದು, ರಾತ್ರಿ ಹುಲ್ಲಿನ ಮೇಲೆ ಅಂಗಾತ ಮಲಗಿದವರ ಕಿವಿಗೆ ತೇಲಿ ಬರುತ್ತದೆ. ಯಾರ ಹಾಡು ಇದು ಅಂತ ಎದ್ದು ಆ ದಿಕ್ಕಿಗೆ ನಡೆದು, ನನ್ನ ಅಚ್ಚುಮೆಚ್ಚಿನ ಎರಡು ತಂಡಗಳನ್ನು ಹಾಗೇ ಕಂಡುಕೊಂಡಿದ್ದೇನೆ.

ಆ ಮೂವರ ಕಥೆ ಅರ್ಧಕ್ಕೆ ಬಿಟ್ಟೆ. ಕಚೇರಿ ಮುಗಿದ ಮೇಲೆ ಡೇರೆಯ ಹಿಂದೆ ಹೋದೆ. ಬೇಸ್ ನುಡಿಸಿದವಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಬಲ್ ಸುರುಳಿ ಸುತ್ತುತ್ತಿದ್ದಳು. ಬೆರಳ ತುದಿಗಳು ಕೆಂಪಗಾಗಿದ್ದವು. ತುಂಬ ಚೆನ್ನಾಗಿತ್ತು ಅಂದೆ. ಬೇರೆ ಮಾತೇ ಹೊಳೆಯಲಿಲ್ಲ. ಆಮೇಲೆ, ಆ ಮೂರನೆಯ ಹಾಡಿನ ಹೆಸರೇನು ಅಂತ ಕೇಳಿದೆ. ಅವಳು ಗಿಟಾರಿನವಳ ಮುಖ ನೋಡಿದಳು, ಇಬ್ಬರೂ ನಕ್ಕರು. "ಅದಕ್ಕಿನ್ನೂ ನಾಮಕರಣ ಆಗಿಲ್ಲ. ಹೋದ ವಾರ ಹುಟ್ಟಿದ್ದು," ಅಂದಳು.

ಈಗ ಅವರದೊಂದು ಆಲ್ಬಂ ಬಂದಿದೆ. ಆ ಹಾಡೂ ಅದರಲ್ಲಿದೆ, ಚೆಂದದ ಒಂದು ಹೆಸರೂ ಇದೆ. ನನ್ನ ಬಾಯಲ್ಲಿ ಮಾತ್ರ ಅದಿನ್ನೂ ಮೂರನೆಯ ಹಾಡೇ.

ನಮಸ್ಕಾರ.